ನೂರರಲ್ಲಿ ಏಳು ಕಳೆದರೆ

ಮಾರ್ಚ್ ೧೧, ಮಂಗಳವಾರ

ಇವತ್ತು ಕೋರ್ಟಿನಲ್ಲಿ ನಾನು ಗೆದ್ದೆನಂತೆ. ಇನ್ನು ಮೇಲೆ ನನ್ನ ತಂಗಿ ಗುಬ್ಬಿಗೆ ನಾನೇ ಗಾರ್ಡಿಯನ್. ಅವಳ ಸಹಿಗೆ ಬೆಲೆಯಿಲ್ಲ. ಅಮ್ಮ ಹೋದ ಮೇಲೆ ಬೇರೆ ದಾರಿಯಿಲ್ಲ ಎಂದಿದ್ದರು ವಕೀಲರು.

ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ನ್ಯಾಯಾಧೀಶರು ಕೇಳಿದರು. ಗುಬ್ಬಿ ತಿರುಗುವ ಫ್ಯಾನ್ ನೋಡುತ್ತಾ ಕುಳಿತಳು. ಅಲ್ಲಿಗೆ ಮೂವತ್ತನಾಲ್ಕು ವರ್ಷದ ಹೆಂಗಸು ಮಗುವಾಗಿಬಿಟ್ಟಳು. ನನ್ನ ಗಂಡ ಕುಡಿದು ಎರಡು ಸಲ ಸ್ಕೂಟರನ್ನು ಗೋಡೆಗೆ ಗುದ್ದಿದ್ದಾನೆ. ಅವನಿಗೆ ಈ ಲೆಕ್ಕ ಯಾರೂ ಕೊಟ್ಟಿಲ್ಲ. ಅವನು ಹುಟ್ಟುತ್ತಲೇ ಪಾಸು.

"ಇನ್ಮೇಲೆ ಎಲ್ಲಾ ನಿಮ್ಮಕ್ಕನ್ನ ಕೇಳಿ ಮಾಡಮ್ಮ" ಎಂದರು ನ್ಯಾಯಾಧೀಶರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಬುದ್ಧಿ ಸಾಲದವಳಿಗೆ ಆ ಮಾತು ಮಾತ್ರ ಚೆನ್ನಾಗಿ ಅರ್ಥವಾಗಿದೆ. ದಿನಾ ತಾನೇ ಟೀ ಮಾಡಿ ನನ್ನನ್ನು ಎಬ್ಬಿಸುವವಳು, ಸಂಜೆ ನೀರಿನ ಲೋಟ ಹಿಡಿದು ನಿಂತಳು.

"ಅಕ್ಕಾ, ಕುಡೀಲಾ?"

"ಕುಡಿಯೇ, ಅದನ್ನೇನ್ ಕೇಳ್ತೀಯ!" ಎಂದು ರೇಗಿದೆ.

ಆಮೇಲೆ ಕಿಟಕಿ ಹಾಕ್ಲಾ, ಬಚ್ಚಲಿಗೆ ಹೋಗ್ಲಾ.

ಇದನ್ನು ಬರೆಯುತ್ತಿರುವಾಗಲೂ ಬಾಗಿಲಲ್ಲಿ ನಿಂತಿದ್ದಾಳೆ. "ಅಕ್ಕಾ, ನಿದ್ದೆ ಬರ್ತಿದೆ. ಮಲಗ್ಲಾ?"

ಹೂಂ ಅಂದರೆ ಆ ತೀರ್ಪನ್ನು ನಾನೇ ಇನ್ನೊಂದು ಸಲ ಓದಿದಂತೆ. ಅನ್ನದಿದ್ದರೆ ಬೆಳಗಿನವರೆಗೂ ಅವಳು ಅಲ್ಲೇ ನಿಂತಿರುತ್ತಾಳೆ.

ಹೂಂ ಅಂದೆ.