ಯಂಕೋಬನ ಧೋತರದ ಚೀಲಗಳು

೨೧೪೭, ಉರಿಮಾಸಕ್ಕೆ ಒಂದು ವಾರ ಮುಂಚೆ

ಹಿಂದಿನ ಕಾಲದವರಿಗೆ ಹುಲಿಗೆವ್ವನ ನಮಸ್ಕಾರ.

ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನಿಸಬಹುದು, ಬೇಸರ ಮಾಡಿಕೊಳ್ಳಬೇಡಿ. ಉರಿಮಾಸವೆಂದರೆ ಹಗಲು ಯಾರೂ ಹೊರಗೆ ಕಾಲಿಡದ ತಿಂಗಳು. ನಮ್ಮ ಅಜ್ಜಂದಿರು ಅದನ್ನು ಪಂಚಾಂಗಕ್ಕೆ ಸೇರಿಸಿದರು. ಹೋದ ಉರಿಮಾಸದಲ್ಲಿ ನನ್ನ ಗಂಡ ಯಂಕೋಬ ತೀರಿಕೊಂಡ.

ನಮ್ಮೂರು ತುಂಗಭದ್ರಾ ಕಾಲುವೆಯ ಕೊನೆಗಿದೆ. ಇಲ್ಲಿ ಭತ್ತ ಬೆಳೆಯುತ್ತಿದ್ದರಂತೆ. ನೀರು ನಿಂತು ನಿಂತು ನೆಲ ಸವಳಾಯಿತು, ಉಪ್ಪು ಬೆಳ್ಳಗೆ ಮೇಲೆದ್ದು ಕೂತಿತು. ಆಮೇಲೆ ಕಾಲುವೆಗೆ ನೀರೂ ಬರಲಿಲ್ಲ. ಈಗ ಸವಳುಕಾಳು ಬೆಳೆಯುತ್ತೇವೆ, ನೀವು ಕಿನೋವಾ ಅನ್ನುತ್ತಿದ್ದದ್ದು. ಉಪ್ಪಿಗೂ ಬರಕ್ಕೂ ಅದು ಜಗ್ಗುವುದಿಲ್ಲ. ಆದರೆ ಕಾಳಿನ ಸಿಪ್ಪೆ ಕಹಿ. ಬೆಳಿಗ್ಗೆ ಎದ್ದು ಕಲ್ಲಿನ ದೋಣಿಯಲ್ಲಿ ಬಾವಿನೀರಿಗೆ ಹಾಕಿ, ನೊರೆ ನಿಲ್ಲುವತನಕ ತಿಕ್ಕಿ ತೊಳೆಯುತ್ತೇವೆ. ಕಾಳು ಗಂಜಿಗೆ, ರೊಟ್ಟಿಗೆ, ಉಳಿದದ್ದು ಮಾರಾಟಕ್ಕೆ. ನೊರೆನೀರನ್ನು ಸಾಬೂನು ಮಾಡುವವರು ಕೊಳ್ಳುತ್ತಾರೆ. ಊರು ನಿಂತಿರುವುದು ಆ ಕಹಿಯ ಮೇಲೆ.

ನಾನು ಹಕ್ಕಿ ನೋಡಿಲ್ಲ. ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ, ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದ ಸುದ್ದಿಯನ್ನು ಯಂಕೋಬನಿಗೆ ಅವನ ಅಜ್ಜಿ ಹೇಳಿದ್ದಳು. "ಓಡ್ಸಿದ್ದಕ್ಕ ಹೋದ್ವು, ಕರದ್ರ ಬರ್ತಾವ," ಅನ್ನುತ್ತಿದ್ದ. ಒಂದು ವರ್ಷ ಹೊಲದಲ್ಲಿ ಕಹಿಯಿಲ್ಲದ ಗಿಡವೊಂದು ಸಿಕ್ಕಿತು. ಕಹಿ ಕಾಳನ್ನು ಹಕ್ಕಿ ಮುಟ್ಟುವುದಿಲ್ಲ, ಇದಕ್ಕಾದರೂ ಬಂದಾವು ಎಂದು ಅದರ ಬೀಜ ಕಾದಿಟ್ಟ. ಬಿತ್ತುವ ಮೊದಲೇ ಹೋದ.

ಈ ಸಲ ಹೊಲದ ಅಂಚಿಗೆ ನಾನೇ ಒಂದು ಸಾಲು ಬಿತ್ತಿದೆ. ತೆನೆ ಹೊರಟಾಗ ಊರಿನ ಬೀಜ ನೋಡಿಕೊಳ್ಳುವ ದುರುಗವ್ವ ಬಂದಳು.

"ಕಿತ್ತು ಒಗಿಯವ್ವ. ಇದರ ಹೂವಿನ ಪುಡಿ ಹಾರಿದ್ರ ನಾಕು ಬೆಳಿಯೊಳಗ ಊರಿನ ಬೀಜೆಲ್ಲ ಸಪ್ಪಗಾಕ್ಕಾವು. ಆಮ್ಯಾಲೆ ನಿನ್ನ ಹಕ್ಕಿ ಬಂದು ನಮಗ ಅನ್ನ ಹಾಕ್ತಾವೇನು?"

"ಹೂವು ಅರಳೂತನಕ ಬಿಡಬೇ," ಎಂದೆ.

ಅವಳು ಹೇಳಿದ್ದು ಸರಿಯೇ ಇತ್ತು. ಕೀಳಲೆಂದು ಬಗ್ಗಿದೆ, ಕೈ ಬರಲಿಲ್ಲ. ಮನೆಗೆ ಹೋಗಿ ಅವನ ಧೋತರ ಹರಿದು ಚೀಲ ಹೊಲಿದೆ. ಪುಡಿ ಹೊರಗೆ ಹೋಗದಂತೆ ಒಂದೊಂದು ತೆನೆಗೂ ತೊಡಿಸಿ ಕಟ್ಟಿದೆ. ಅಳು ಬರಲಿಲ್ಲ. ದುರುಗವ್ವ ಬಂದು ಗಂಟುಗಳನ್ನು ಜಗ್ಗಿ ನೋಡಿದಳು. ಸಡಿಲಿದ್ದವನ್ನು ತಾನೇ ಬಿಗಿದು ಹೋದಳು.

ಕಾಳು ಬಲಿತ ಮೇಲೆ ಚೀಲ ಬಿಚ್ಚಿದೆ. ಊರಿನ ಸುಗ್ಗಿ ಮುಗಿಯಿತು. ಈ ಸಾಲೊಂದೇ ನಿಂತಿದೆ. ಮೈದುನ ತಾಯಪ್ಪ ದಿನಾ ಬಂದು ಆಕಾಶ ನೋಡುತ್ತಾನೆ. ನಿನ್ನೆ, "ವೈನಿ, ಅಣ್ಣ ಹಕ್ಕಿಗಳ್ನ ಊಟಕ್ಕೇನೋ ಕರದಾನ, ಊರಿನ ಹೆಸರು ಹೇಳಾಕ ಮರತಾನ," ಅಂದ. ನಕ್ಕೆ ಅನಿಸುತ್ತದೆ. ಕಾಳು ಉದುರಲು ಶುರುವಾಗಿದೆ. ಯಾವ ಹಕ್ಕಿಯೂ ಬಂದಿಲ್ಲ.

ಅದಕ್ಕೇ ಈ ಕಾಗದ. ನಿಮ್ಮ ಹೊಲದಲ್ಲಿ ಈಗ ಹಕ್ಕಿ ಕೂತಿರಬಹುದು. ಬೆಳೆಯೆಲ್ಲ ಬಿಡಿ ಅನ್ನುವುದಿಲ್ಲ, ನಿಮಗೂ ಹೊಟ್ಟೆಯಿದೆ. ಅಂಚಿನ ಒಂದು ಸಾಲಿಗೆ ಮಾತ್ರ ಕವಣೆ ಬೀಸಬೇಡಿ. ಅವು ತಿಂದು ಮರಿ ಮಾಡಲಿ, ಆ ಮರಿಗಳು ಮರಿ ಮಾಡಲಿ.

ನಾನು ಮುಂದಿನ ಬಿತ್ತನೆಗೆ ಈ ಸಾಲಿನ ಒಂದು ಹಿಡಿ ಬೀಜ ಎತ್ತಿಟ್ಟಿದ್ದೇನೆ. ಹರಿದ ಚೀಲಗಳನ್ನು ಒಗೆದು ಮಡಚಿದ್ದೇನೆ. ಅವನದು ಇನ್ನೊಂದು ಧೋತರ ಉಳಿದಿದೆ.