ಗುಡ್ಡದ ನೆರಳು

ಅಮ್ಮಾ,

ಇವತ್ತು ಆಫೀಸಿನಲ್ಲಿ ಎಡವಟ್ಟು ಮಾಡಿಕೊಂಡೆ. ಉಪಗ್ರಹದ ಚಿತ್ರ ನೋಡಿ, ಊರಿಗೆ ನೀರು ಕೊಡುವ ಜಲಾಶಯ ಮುಕ್ಕಾಲು ತುಂಬಿದೆ ಎಂದು ವರದಿ ಕೊಟ್ಟಿದ್ದೆ. ಅಣೆಕಟ್ಟೆಯ ಎಂಜಿನಿಯರ್ ಫೋನ್ ಮಾಡಿ ನಕ್ಕರು.

"ಎಲ್ಲಿದೆ ಮೇಡಂ ನೀರು? ನೀವು ಅಳೆದಿರೋದು ಗುಡ್ಡದ ನೆರಳು! ಒಂದ್ಸಲ ಬಂದು ನೋಡಬಾರದಾ?"

ಮೇಲಿನಿಂದ ನೋಡಿದರೆ ನೆರಳೂ ನೀರಿನಷ್ಟೇ ಕಪ್ಪು. ನನ್ನ ಲೆಕ್ಕ ನಂಬಿದ್ದರೆ ಊರಿನ ನಲ್ಲಿಗಳು ಒಣಗುತ್ತಿದ್ದವು.

ಸಂಜೆ, ಪಾಪುವನ್ನು ನೋಡಿಕೊಳ್ಳುವ ಅಕ್ಕ ವಿಡಿಯೊ ಕರೆಯಲ್ಲಿ ಅವಳನ್ನು ತೋರಿಸಿದರು. "ಜ್ವರ ಇಳಿದಿದೆ. ನಿಧಾನಕ್ಕೆ ಬನ್ನಿ." ನೀನೂ ನಿನ್ನ ಬದುಕಿನ ಕೊನೆಯ ವಾರದವರೆಗೆ ಇದೇ ಫೋನಿನಲ್ಲಿ ನಗುತ್ತಿದ್ದೆ: "ನಂಗೇನೇ? ಗುಂಡುಕಲ್ಲಿನ ಹಾಗಿದ್ದೀನಿ. ಕೆಲಸ ಬಿಟ್ಟು ಬರಬೇಡ."

ಕಂಪ್ಯೂಟರನ್ನೂ ಆರಿಸದೆ ಮನೆಗೆ ಓಡಿ ಬಂದೆ. ಪಾಪುವಿನ ಹಣೆ ತಣ್ಣಗೇ ಇತ್ತು. ಎಲ್ಲರೂ ಮಲಗಿದ್ದಾರೆ, ನನ್ನ ಬಲಗೈ ಇನ್ನೂ ಆ ಹಣೆಯ ಮೇಲೇ ಇದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.