ಕುಂಕುಮ ಹಚ್ಚಿದ ಕಂಪ್ಯೂಟರು

ಚೇಕಾಡಿ,
೧೪ ಡಿಸೆಂಬರ್ ೨೦೨೫, ಭಾನುವಾರ

ಗೀತುವಿನ ಅಪ್ಪನಿಗೆ ಲತಾಮಣಿಯ ನಮಸ್ಕಾರಗಳು.

ನಾನು, ಗೀತು, ಅತ್ತೆ ಮೂವರೂ ಇಲ್ಲಿ ಕ್ಷೇಮ. ನಿಮ್ಮ ಸೊಂಟದ ನೋವು ಹೇಗಿದೆ? ಆ ಅರಬ್ಬರ ನಾಡಿನ ಸಲಾಲದಲ್ಲಿ ಈಗ ಬಿಸಿಲು ಇಳಿದಿರಬೇಕು. ಅತ್ತೆ ಕಾಯಿಸಿ ಕಳಿಸಿದ ಎಣ್ಣೆ ಮುಗಿಯಿತೋ, ಇನ್ನೂ ಇದೆಯೋ? ಬೆನ್ನಿಗೆ ಹಚ್ಚಿಕೊಡಲು ಇಲ್ಲಿ ಯಾರಿದ್ದಾರೆ ಎಂದು ಹೋದ ತಿಂಗಳು ಫೋನಿನಲ್ಲಿ ಕೇಳಿದ್ದಿರಿ. ಆ ಮಾತು ಕೇಳಿ ನಾನು ಒಂದು ಮಧ್ಯಾಹ್ನವೆಲ್ಲ ಅತ್ತಿದ್ದೆ. ಆ ಕಣ್ಣೀರನ್ನು ಈಗ ವಾಪಸ್ ಕೇಳುವ ಹಾಗಿದ್ದರೆ ಕೇಳುತ್ತಿದ್ದೆ.

ಗದ್ದೆ ಹಣ್ಣಾಗಿದೆ. ಬರುವ ವಾರ ಕೊಯ್ಲು. ಆನೆ ಎರಡು ಸಲ ಬಂದು ನೀರಿನ ತೋಡಿನ ಪಕ್ಕದ ಮೂಲೆಯನ್ನು ತುಳಿದು ಹೋಗಿದೆ, ಹೆಚ್ಚೇನೂ ನಷ್ಟವಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಲ್ಲ, ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನನ್ನ ಮಾತು ನಿಮಗೆ ಬೇಡವಾದ ಕಡೆ ತಿರುಗಿದ ಕೂಡಲೆ ನಿಮಗೆ ರೇಂಜ್ ಹೋಗುತ್ತದೆ. ಕಾಗದಕ್ಕೆ ಆ ರೋಗವಿಲ್ಲ. ನೀವು ಮಲಯಾಳಂ ಸ್ಕೂಲಿನಲ್ಲಿ ಓದಿದವರು, ಕನ್ನಡ ಅಕ್ಷರ ಕಲಿಸಿದ್ದು ನಾನೇ, ಮದುವೆಯಾದ ವರ್ಷ, ಇದೇ ಜಗಲಿಯಲ್ಲಿ. ಕೂಡಿಸಿ ಕೂಡಿಸಿ ಓದುತ್ತೀರಿ. ಓದಿ. ನಿಧಾನವಾಗಿ ಓದಬೇಕಾದದ್ದನ್ನೇ ಬರೆದಿದ್ದೇನೆ.

ಆ ಆಟದ ವಿಷಯ. ಎರಡು ವರ್ಷದ ಕೆಳಗೆ ರಜೆಗೆ ಬಂದಾಗ ಗೀತುವಿಗೆ ಕಂಪ್ಯೂಟರ್ ಕೊಡಿಸಿ, ನಿಮ್ಮ ಖಾತೆಯಲ್ಲಿದ್ದ ಆಟವನ್ನು ಅವಳೂ ಆಡುವಂತೆ ಅವಳ ಹೆಸರನ್ನು ನಿಮ್ಮ ಮನೆಯವರ ಪಟ್ಟಿಗೆ ಸೇರಿಸಿ ಹೋದಿರಿ. ಪ್ರತಿ ಶುಕ್ರವಾರ ಸಂಜೆ, ನಿಮಗೆ ರಜೆ, ಅಪ್ಪ ಮಗಳು ಆ ಆಟದೊಳಗೆ ಸೇರುತ್ತಿದ್ದಿರಿ. ಅದರಲ್ಲಿ ಇಬ್ಬರೂ ಕೂಡಿ ಮನೆ ಕಟ್ಟಿದಿರಿ, ಬಾವಿ ತೋಡಿದಿರಿ, ಗದ್ದೆ ಮಾಡಿದಿರಿ, ಅವಳಿಗೊಂದು ಪುಟ್ಟ ಮಂಚ ಹಾಕಿದಿರಿ. ಬಾಗಿಲ ಮೇಲಿನ ಹಲಗೆಯಲ್ಲಿ ಇಂಗ್ಲಿಷಿನಲ್ಲಿ ನಿಮ್ಮದು, ನನ್ನದು, ಗೀತುವಿನದು ಮೂರು ಹೆಸರು ಬರೆದಿದ್ದಿರಿ. ನಾನು ರೊಟ್ಟಿ ತಟ್ಟುತ್ತಾ ಅಡುಗೆಮನೆಯಿಂದಲೇ ನಿಮ್ಮಿಬ್ಬರ ನಗು ಕೇಳುತ್ತಿದ್ದೆ. ಇಟ್ಟಿಗೆ ಸಿಮೆಂಟಿನ ಮನೆ ಕಟ್ಟಲು ಆಗದಿದ್ದರೂ ಇಷ್ಟಾದರೂ ಆಯಿತಲ್ಲ ಎಂದು ಸಮಾಧಾನವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ದಸರಾ ಬಂತು. ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಕನ್ನಡದವರ ಹಾಗೆ ವಿಭೂತಿ ಕುಂಕುಮ ಹಚ್ಚುತ್ತೇವೆ, ಇಲ್ಲಿಯ ಮಲಯಾಳಿಗಳ ಹಾಗೆ ಅಷ್ಟಮಿಗೆ ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವುದಿಲ್ಲ. ಕುಡುಗೋಲು, ಗುದ್ದಲಿ, ಗೀತುವಿನ ಪುಸ್ತಕಗಳ ಜೊತೆಗೆ ಕಂಪ್ಯೂಟರನ್ನೂ ಇಟ್ಟೆ. ಮೂರು ಪಟ್ಟೆ ವಿಭೂತಿ, ಒಂದು ಬೊಟ್ಟು ಕುಂಕುಮ, ಒಂದು ಚೆಂಡುಹೂ. ಅಷ್ಟೇ. ಗೀತು ಅವತ್ತೇ ಮುಖ ಊದಿಸಿಕೊಂಡಿದ್ದಳು. ಆಟ ಇಲ್ಲವಲ್ಲ ಎಂಬ ಕೋಪ ಎಂದುಕೊಂಡೆ. ದಶಮಿಯ ಬೆಳಿಗ್ಗೆ ಪೂಜೆ ತೆಗೆದು ಆಟದ ಮೇಲೆ ಒತ್ತಿದರೆ ತೆರೆಯಲಿಲ್ಲ. ಒಂದು ಬಿಳಿ ಚೌಕ, ಅದರೊಳಗೆ ಎರರ್, ೫೪ ಎಂದು ನಂಬರು. ಫೋಟೋ ತೆಗೆದು ನಿಮಗೆ ಕಳಿಸಿದೆ. ನೀವು ಏನೆಂದಿರಿ? 'ಕುಂಕುಮದ ಪುಡಿ ಒಳಕ್ಕೋಗ್ಯದೆ, ಇನ್ನೇನಾದದು' ಅಂದಿರಿ.

ಅಲ್ಲಿಂದ ಶುರುವಾಯಿತು ನನ್ನ ವನವಾಸ. ಆರಿಸಿ ಹಾಕು ಅಂದಿರಿ, ಹಾಕಿದೆ. ಆಂಟಿವೈರಸ್ ತೆಗೆ ಅಂದಿರಿ, ತೆಗೆದೆ. ಡ್ರೈವರ್ ಹೊಸದು ಮಾಡು ಅಂದಿರಿ. ಡ್ರೈವರ್ ಎಂದರೆ ಜೀಪು ಓಡಿಸುವವನು ಎಂದಷ್ಟೇ ತಿಳಿದಿದ್ದ ನಾನು ಅದನ್ನೂ ಹುಡುಕಿ ಮಾಡಿದೆ. ಆಟವನ್ನು ಅಳಿಸಿ ಮತ್ತೆ ಇಳಿಸಿಕೋ ಅಂದಿರಿ. ಮನೆಯಲ್ಲಿ ನೆಟ್ ನಿಲ್ಲುವುದಿಲ್ಲ. ಫೋನನ್ನು ಬಟ್ಟೆಚೀಲದಲ್ಲಿ ಹಾಕಿ ಕಿಟಕಿಯಾಚೆ ಹಲಸಿನ ಕೊಂಬೆಗೆ ಕಟ್ಟಿ, ಮೂರು ದಿನ ಇಳಿಸಿದೆ. ಕೋತಿಗಳು ಚೀಲ ಒಯ್ಯದಿರಲಿ ಎಂದು ಕೋಲು ಹಿಡಿದು ಕೂತಿದ್ದೆ. ಅದಾದ ಮೇಲೂ ಅದೇ ಬಿಳಿ ಚೌಕ, ಅದೇ ೫೪. ಪ್ರತಿ ಸಲವೂ ನೀವು ನಿಟ್ಟುಸಿರು ಬಿಟ್ಟು ಮತ್ತೊಂದು ಮದ್ದು ಹೇಳುತ್ತಿದ್ದಿರಿ. ಅತ್ತೆಯಂತೂ ನೆರೆಯ ಓಮನಳ ಎದುರಿಗೇ, ಮಗ ಬೆವರು ಸುರಿಸಿ ಕೊಡಿಸಿದ್ದನ್ನು ಸೊಸೆ ಒಂದು ಚಿಟಿಕೆ ಕುಂಕುಮದಲ್ಲಿ ಕೊಂದಳು ಎಂದರು. ಗೀತು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ಊಟಕ್ಕೆ ಕರೆದರೆ ಬರುತ್ತಾಳೆ, ತಟ್ಟೆ ನೋಡಿಕೊಂಡು ತಿಂದು ಎದ್ದು ಹೋಗುತ್ತಾಳೆ. ಹನ್ನೊಂದು ಶುಕ್ರವಾರ ಹೀಗೇ ಹೋಯಿತು. ದೇವರ ಹೆಸರಿನಲ್ಲಿ ಮಗಳ ಸುಖ ಕೆಡಿಸಿದ ಪಾಪಿ ನಾನೇ ಎಂದು ನಂಬಿಬಿಟ್ಟಿದ್ದೆ.

ಮೊನ್ನೆ ಶುಕ್ರವಾರ ತಡೆಯಲಾರದೆ, ಗೀತುವನ್ನು ಸ್ಕೂಲಿಗೆ ಕಳಿಸಿ, ಕಂಪ್ಯೂಟರಿನ ಡಬ್ಬವನ್ನು ಅಕ್ಕಿಚೀಲಕ್ಕೆ ಹಾಕಿ ತೊಡೆಯ ಮೇಲಿಟ್ಟುಕೊಂಡು ಮೀನಂಗಡಿ ಊರಿನ ಬಸ್ಸು ಹತ್ತಿದೆ. ಅಲ್ಲಿ ಸುಧೀಷ್ ಎಂಬವನದು ರಿಪೇರಿ ಅಂಗಡಿ. ಬಿಚ್ಚುವ ಮೊದಲೇ, ತಪ್ಪು ನನ್ನದೇ, ಕುಂಕುಮ ಹಚ್ಚಿದ್ದೆ ಎಂದು ಒಪ್ಪಿಕೊಂಡೆ. ಅವನು ಬಿಚ್ಚಿ ಟಾರ್ಚು ಬಿಟ್ಟು ನೋಡಿದ. ಒಳಗೆ ಒಂದು ಕಣ ಕುಂಕುಮ ಇರಲಿಲ್ಲ. ತನ್ನ ಖಾತೆಯಲ್ಲಿ ಅದೇ ಆಟವನ್ನು ಒತ್ತಿದ. ಗಳಿಗೆಯೊಳಗೆ ತೆರೆಯಿತು. 'ಚೇಚ್ಚೀ, ಅಕ್ಕಾ, ಮೆಷಿನಿಗೆ ಏನೂ ಆಗಿಲ್ಲ' ಎಂದ, ಹರಕು ಕನ್ನಡದಲ್ಲಿ. ೫೪ ಎಂದರೆ ಕೆಟ್ಟಿದೆ ಎಂದಲ್ಲವಂತೆ. ಆಟದ ಖಾತೆಯ ಯಜಮಾನ ಗೀತುವಿನ ಹೆಸರನ್ನು ತನ್ನ ಮನೆಯವರ ಪಟ್ಟಿಯಿಂದ ತೆಗೆದಿದ್ದಾನೆ ಎಂದಂತೆ. ಗೀತುವಿನ ಮೇಲ್ ತೆರೆದು ತೋರಿಸಿದ. ಯಾರೂ ಓದದ ಕಾಗದವೊಂದು ಅಲ್ಲಿ ಬಿದ್ದಿತ್ತು. ತೆಗೆದ ತಾರೀಖು ಅಕ್ಟೋಬರ್ ಒಂದು, ಮಹಾನವಮಿ. ಪೂಜೆಗೆ ಇಟ್ಟದ್ದನ್ನು ಇಲ್ಲಿ ನಾವು ಯಾರೂ ಮುಟ್ಟಲಿಲ್ಲ. ನೀವು ಅಲ್ಲಿಂದ ಮುಟ್ಟಿದ್ದಿರಿ. ಮೂರು ದಿನ ನಾವು ತೆರೆಯುವುದಿಲ್ಲ ಎಂಬುದು ನಿಮಗಲ್ಲದೆ ಇನ್ಯಾರಿಗೆ ಗೊತ್ತಿತ್ತು?

ಗೀತುವಿನ ನೋಟ್‌ಬುಕ್ಕಿನಲ್ಲಿ ನಿಮ್ಮ ಆಟದ ಊರಿನ ನಂಬರಿತ್ತು. ಅತಿಥಿಯಾಗಿ ಹೋಗಿ ನೋಡಬಹುದು ಎಂದು ಸುಧೀಷ್ ಅದನ್ನೂ ತೆರೆದುಕೊಟ್ಟ. ಬಾವಿ ಇತ್ತು, ಗದ್ದೆ ಇತ್ತು. ಗೀತುವಿನ ಮಂಚ ಇರಲಿಲ್ಲ. ಬಾಗಿಲ ಮೇಲಿನ ಹಲಗೆಯಲ್ಲಿ ಎರಡೇ ಹೆಸರು. ನನಗೆ ಬರುವ ಇಂಗ್ಲಿಷಿಗೆ ಅಷ್ಟು ಸಾಕಾಯಿತು. ನಿಮ್ಮದು, ಅದರ ಪಕ್ಕ ಸರಿತ. ಸುಧೀಷ್ ಕೇಳದೆಯೇ ಒಂದು ಲೋಟ ನೀರು ತಂದಿಟ್ಟ, ದುಡ್ಡು ಬೇಡ ಎಂದ.

ಸರಿತ ಯಾರು ಎಂದು ನಾನು ಕೇಳುವುದಿಲ್ಲ. ಅವಳ ಮೇಲೆ ನನಗಿರುವ ಸಿಟ್ಟು ಕಡಿಮೆ, ಅವಳಿಗೆ ನಮ್ಮ ವಿಷಯ ಏನು ಹೇಳಿದ್ದೀರೋ ಯಾರಿಗೆ ಗೊತ್ತು. ನನ್ನ ಹೊಟ್ಟೆ ಉರಿಯುತ್ತಿರುವುದು ಆ ಮದ್ದುಗಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ನೀವು ಮಾಡಿದ್ದಕ್ಕೆ ಹನ್ನೊಂದು ವಾರ ನನ್ನನ್ನು ಸುಟ್ಟಿರಿ. ಕೊಂಬೆಗೆ ಫೋನ್ ಕಟ್ಟಿದೆ ಎಂದಾಗ ಅಲ್ಲಿಂದ ನಕ್ಕಿರಲ್ಲ, ಆ ನಗು ನನಗೆ ಮರೆಯುವುದಿಲ್ಲ. ಈಗ ಗೀತುವಿಗೆ ನಿಜ ಹೇಳಿದರೆ ನನ್ನ ಮೇಲಿನ ತಪ್ಪು ಹೋಗುತ್ತದೆ, ಅವಳ ಅಪ್ಪನೂ ಹೋಗುತ್ತಾನೆ. ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೇನೆ. ಅಮ್ಮ ಹಾಳು ಮಾಡಿದಳು ಎಂದೇ ಅವಳು ನಂಬಿಕೊಂಡಿರಲಿ. ಹೇಳಬೇಕಾದವರು ನೀವು, ಬಂದು ಎದುರಿಗೆ ಕೂತು ಹೇಳಿ. ಇನ್ನು ಮುಂದೆ ಮದ್ದು ಮಾತ್ರ ಕಳಿಸಬೇಡಿ.

ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಅವರಿಗಿನ್ನೂ ಏನೂ ಗೊತ್ತಿಲ್ಲ, ಆದ್ದರಿಂದ ಆಶೀರ್ವಾದ ಪೂರ್ತಿಯಾಗಿಯೇ ಇದೆ, ತೆಗೆದುಕೊಳ್ಳಿ. ಸೊಂಟ ನೋಡಿಕೊಳ್ಳಿ.

ಇಂತಿ,
ಹಲಗೆಯಿಂದ ಅಳಿಸಿದ ಹೆಸರಿನವಳು,
ಲತಾಮಣಿ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇಷ್ಟು ಬರೆಯಲೇಬೇಕು. ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದುಕೊಡು ಎಂದು ಈಗಷ್ಟೇ ಗೀತುವನ್ನು ಕರೆದೆ. ಶಾಂತರಾಜು ಎಂದು ನಿಮ್ಮ ಹೆಸರು ಬರೆದು, ತಲೆ ಎತ್ತದೆ, 'ಅಮ್ಮಾ, ಕೆಳ್ಗೆ ಸರಿತ ಅಂತ್ಲೂ ಬರೀಲಾ?' ಎಂದಳು. ಪೂಜೆಗೆ ಇಡುವ ಹಿಂದಿನ ಶುಕ್ರವಾರವೇ ಆ ಹಲಗೆ ಓದಿದ್ದಳಂತೆ. ಇದ್ಯಾರಪ್ಪ ಎಂದು ನಿಮ್ಮನ್ನು ಕೇಳಿದ್ದಳಂತೆ. 'ಅಮ್ಮಂಗೆ ಹೇಳ್ಬ್ಯಾಡ ಮಗಾ' ಅಂದಿರಂತೆ. ಅಂದರೆ ಅವಳು ನನ್ನ ಮುಖ ನೋಡದೆ ಇದ್ದದ್ದು ಕುಂಕುಮದ ಕೋಪಕ್ಕಲ್ಲ. ನಿಮಗೆ ಕೊಟ್ಟ ಮಾತನ್ನು ಹತ್ತು ವರ್ಷದ ಮಗು ಹನ್ನೊಂದು ವಾರ ಒಬ್ಬಳೇ ಹೊತ್ತುಕೊಂಡಿತ್ತು, ನೀವು ಅದನ್ನೂ ನಂಬದೆ ಅವಳ ಹೆಸರು ತೆಗೆದಿರಿ. ಪೆನ್ನು ಅವಳ ಕೈಯಿಂದ ತೆಗೆದುಕೊಂಡೆ. ಉಳಿದ ವಿಳಾಸ ನಾನೇ ಬರೆದಿದ್ದೇನೆ.